ರಿಮೋಟ್ ಹಬ್: ಕೊಳ್ಳುವ ಮೊದಲು ಕೇಳಿದ್ದು, ಕೊಂಡ ಮೇಲೆ ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲೆ. ಮನೆಯ ಎಲ್ಲ ರಿಮೋಟುಗಳ ಕೆಲಸವನ್ನೂ ಒಂದೇ ಮಾಡುತ್ತದೆ ಅಂತ ಮಾರುವ ಆ ಪುಟ್ಟ ಕಪ್ಪು ಡಬ್ಬಿ, ಯೂನಿವರ್ಸಲ್ ರಿಮೋಟ್ ಹಬ್. ಹಬ್ಬದ ಸೇಲ್‌ನಲ್ಲಿ ತಗೊಂಡವರು ಜಾಸ್ತಿ ಇರಬೇಕು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ. ಹಾಲ್‌ನಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಫೈರ್ ಸ್ಟಿಕ್, ಸೌಂಡ್‌ಬಾರ್, ಎಸಿ, ರಿಮೋಟಿನ ಫ್ಯಾನು. ಒಟ್ಟು ಆರು ರಿಮೋಟು. ನಮ್ಮ ಯಜಮಾನರು ಲೋಕಲ್‌ನಲ್ಲಿ ನಿಂತುಕೊಂಡೇ ಬಂದು ಸೋಫಾ ಮೇಲೆ ಕೂತರೆ, ಬೇಕಾದ ರಿಮೋಟ್ ಒಂದನ್ನು ಬಿಟ್ಟು ಉಳಿದ ಐದೂ ಸಿಗುತ್ತವೆ. ಸಾವಿರ ರೂಪಾಯಿಯ ಹಬ್ ತಂದರೆ ಆರೂ ಫೋನಿಗೆ ಬರುತ್ತವೆ ಅಂತ ಮಗ ಹೇಳುತ್ತಾನೆ. ನಿಜವಾ?

ಉತ್ತರ: ಆರೂ ಬರುವುದಿಲ್ಲ. ಮೂರೋ ನಾಲ್ಕೋ ಬರಬಹುದು. ಯಾವ ಮೂರು ಅಂತ ಹಬ್ ತರುವ ಮೊದಲೇ, ಪೈಸೆ ಖರ್ಚಿಲ್ಲದೆ ತಿಳಿದುಕೊಳ್ಳಬಹುದು.

ಫೋನಿನ ಕ್ಯಾಮೆರಾ ತೆರೆಯಿರಿ. ಸೆಲ್ಫಿ ಕ್ಯಾಮೆರಾ ಆದರೆ ಒಳ್ಳೆಯದು, ಹಿಂದಿನ ಕ್ಯಾಮೆರಾಗಳಲ್ಲಿ ಎಷ್ಟೋ ಸಲ ಈ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ. ರಿಮೋಟಿನ ಮೂತಿಯನ್ನು ಕ್ಯಾಮೆರಾ ಕಡೆ ಹಿಡಿದು ಒಂದು ಬಟನ್ ಒತ್ತಿ. ಸ್ಕ್ರೀನಿನಲ್ಲಿ ನೇರಳೆ ಚುಕ್ಕಿ ಮಿಣಮಿಣ ಅಂದರೆ ಅದು ಐಆರ್, ಅಂದರೆ ಇನ್‌ಫ್ರಾರೆಡ್ ರಿಮೋಟು. ನಮ್ಮ ಕಣ್ಣಿಗೆ ಕಾಣದ ಬೆಳಕು ಅದು. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ, ಆ ಮಿನುಗನ್ನು ಉದ್ದ ಗಿಡ್ಡ ತುಂಡುಗಳಾಗಿ ಕತ್ತರಿಸಿ ಕಳಿಸಿದ್ದೇ ಸಂದೇಶ. ಹಬ್ ಮಾಡುವುದೂ ಇದನ್ನೇ. ವೈಫೈನಿಂದ ಮಾತು ಬಂತು ಅಂದರೆ ಅದನ್ನು ಈ ಬೆಳಕಾಗಿ ಕೋಣೆ ತುಂಬ ಎರಚುತ್ತದೆ.

ಈಗ ನಿಮ್ಮ ಫೈರ್ ಸ್ಟಿಕ್ ರಿಮೋಟ್ ತಗೊಂಡು ಇದೇ ಪರೀಕ್ಷೆ ಮಾಡಿ. ವಾಲ್ಯೂಮ್ ಬಟನ್ ಒತ್ತಿದರೆ ಚುಕ್ಕಿ ಕಾಣಿಸಬಹುದು, ಹೋಮ್ ಬಟನ್ ಒತ್ತಿದರೆ ಏನೂ ಇಲ್ಲ. ಯಾಕಂದರೆ ವಾಲ್ಯೂಮ್ ಹೋಗುವುದು ಟಿವಿಗೆ ಅಥವಾ ಸೌಂಡ್‌ಬಾರ್‌ಗೆ, ಅದು ಐಆರ್. ಹೋಮ್ ಹೋಗುವುದು ಸ್ಟಿಕ್‌ಗೆ, ಅದು ರೇಡಿಯೊ. ಟಿವಿ ಹಿಂದೆ ಅವಿತು ಕೂತಿರುವ ಆ ಸ್ಟಿಕ್‌ಗೆ ಐಆರ್ ಹಿಡಿಯುವ ಕಣ್ಣೇ ಇಲ್ಲ. ಬರೀ ಐಆರ್ ಇರುವ ಹಬ್ ಎಷ್ಟು ಬೆಳಕು ಎರಚಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಹೊಸ ಸೆಟ್‌ಟಾಪ್ ಬಾಕ್ಸುಗಳಲ್ಲೂ ಕೆಲವು ಬ್ಲೂಟೂತ್‌ಗೆ ಹೋಗಿವೆ. ರಿಮೋಟನ್ನು ದಿಂಬಿನ ಕೆಳಗಿಟ್ಟು ಒತ್ತಿದರೂ ಚಾನೆಲ್ ಬದಲಾದರೆ ಅದು ಐಆರ್ ಅಲ್ಲ ಅಂತಲೇ ಲೆಕ್ಕ.

ಇನ್ನೊಂದು ಮಾತು, ಅಂಗಡಿಯವರು ಹೇಳದೇ ಇರುವುದು. ಟಿವಿ, ಸ್ಟಿಕ್, ಸೌಂಡ್‌ಬಾರ್ ಮೂರಕ್ಕೂ ಹಬ್ ಬೇಕಾಗಿಯೇ ಇಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ ಅಂತ ಒಂದಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ಅದನ್ನು ಆನ್ ಮಾಡಿದರೆ ಎಚ್‌ಡಿಎಂಐ ವಯರಿನಲ್ಲೇ ಇವು ಮೂರೂ ಮಾತಾಡಿಕೊಳ್ಳುತ್ತವೆ. ಸ್ಟಿಕ್ ಎದ್ದರೆ ಟಿವಿ ಏಳುತ್ತದೆ, ಟಿವಿ ಮಲಗಿದರೆ ಸೌಂಡ್‌ಬಾರೂ ಮಲಗುತ್ತದೆ. ಸೌಂಡ್‌ಬಾರ್ ಮಾತ್ರ ಟಿವಿಯ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೇ ಸಿಕ್ಕಿಸಿರಬೇಕು. ಮೊದಲು ಇದನ್ನು ಮಾಡಿ ಒಂದು ವಾರ ನೋಡಿ.

ಆಮೇಲೂ ಹಬ್ ಬೇಕು ಅನ್ನಿಸಿದರೆ ಅದು ಎಸಿಗೆ ಮತ್ತು ಫ್ಯಾನಿಗೆ. ನನ್ನ ಪ್ರಕಾರ ಹಬ್‌ನ ನಿಜವಾದ ಉಪಯೋಗ ಅಲ್ಲಿಯೇ, ಟಿವಿಯಲ್ಲಲ್ಲ. ಫ್ಯಾನಿನ ರಿಮೋಟ್ ಐಆರ್ ತಾನೇ ಅಂತ ಚುಕ್ಕಿ ನೋಡಿ ಖಚಿತ ಮಾಡಿಕೊಳ್ಳಿ, ಕೆಲವು ಕಂಪನಿಯವರು ಆರ್‌ಎಫ್, ಅಂದರೆ ರೇಡಿಯೊ ರಿಮೋಟ್ ಕೊಡುತ್ತಾರೆ.

ಪ್ರಶ್ನೆ: ಮನೆ ಹಡಪ್ಸರ್, ಆಫೀಸು ಹಿಂಜವಡಿ. ಹೊರಡುವಾಗ ಫೋನಿನಿಂದ ಎಸಿ ಆನ್ ಮಾಡೋಣ ಅಂತಲೇ ಹಬ್ ತಂದೆ. ಆ್ಯಪ್ ಆನ್ ಅಂತ ತೋರಿಸುತ್ತದೆ, ಮನೆಗೆ ಬಂದರೆ ಕೆಲವು ಸಲ ಆಫ್. ಹೆಂಡತಿ ಕೈಯ ರಿಮೋಟಿನಿಂದ ಆಫ್ ಮಾಡಿದ್ದರೂ ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ. ಪೀಸ್ ಕೆಟ್ಟಿದೆಯಾ? ವಾಪಸ್ ಮಾಡಲಾ?

ಉತ್ತರ: ಪೀಸ್ ಸರಿಯಾಗೇ ಇದೆ. ಐಆರ್ ಅನ್ನುವುದೇ ಒಂದು ಕಡೆಯ ಮಾತು. ಪೇಪರ್ ಹುಡುಗ ಬಾಗಿಲಿಗೆ ಪೇಪರ್ ಎಸೆದು ಮುಂದಿನ ಮನೆಗೆ ಹೋದ ಹಾಗೆ, ನೀವು ಎತ್ತಿಕೊಂಡಿರಾ ಇಲ್ಲವಾ ಅಂತ ಅವನಿಗೆ ತಿಳಿಯದು. ಹಬ್ ಕೂಡ ‘ಆನ್’ ಅಂತ ಎಸೆದು, ಎಸೆದದ್ದನ್ನೇ ಆ್ಯಪ್‌ನಲ್ಲಿ ಬರೆದುಕೊಳ್ಳುತ್ತದೆ. ಎಸಿ ಕೇಳಿಸಿಕೊಂಡಿತೋ ಇಲ್ಲವೋ ಅಂತ ಉತ್ತರ ಬರುವ ದಾರಿಯೇ ಇಲ್ಲ. ಹಾಗೆ ನೋಡಿದರೆ ನಿಮ್ಮ ಹಳೇ ರಿಮೋಟಿಗೂ ಏನೂ ಗೊತ್ತಿರಲಿಲ್ಲ. ನೀವು ಎದುರಿಗೆ ಕೂತು ಬೀಪ್ ಕೇಳಿಸಿಕೊಳ್ಳುತ್ತಿದ್ದಿರಿ, ರೆಕ್ಕೆ ತೆರೆಯುವುದನ್ನು ನೋಡುತ್ತಿದ್ದಿರಿ. ಹಡಪ್ಸರಿನ ಬೀಪು ಹಿಂಜವಡಿಗೆ ಕೇಳಿಸುವುದಿಲ್ಲ, ಅಲ್ವಾ?

ಮೊದಲು ಡಬ್ಬಿ ಇಟ್ಟಿರುವ ಜಾಗ ನೋಡಿ. ಟಿವಿ ಹಿಂದೆ, ಶೋಕೇಸಿನ ಮರದ ಬಾಗಿಲ ಒಳಗೆ, ದೇವರ ಮಂಟಪದ ಮೂಲೆಯಲ್ಲಿ ಇಟ್ಟವರ ಪತ್ರಗಳು ಬಂದಿವೆ. ಈ ಬೆಳಕು ಗೋಡೆ ದಾಟುವುದಿಲ್ಲ, ಮರ ದಾಟುವುದಿಲ್ಲ. ಬಿಳಿ ಗೋಡೆಗೆ ಬಡಿದು ತಿರುಗಿ ಎಸಿಗೆ ಮುಟ್ಟಬಹುದು, ಆದರೆ ಆ ಭರವಸೆ ಮೇಲೆ ಕೂರಬೇಡಿ. ಎಸಿಯ ಎದುರು ಗೋಡೆಯ ಶೆಲ್ಫ್ ಮೇಲೆ, ಮಧ್ಯೆ ಪರದೆ ಬರದ ಹಾಗೆ ಇಡಿ.

ಎರಡನೆಯದು, ಮತ್ತೊಮ್ಮೆ ಕಳಿಸಿ. ಎಸಿಯಲ್ಲಿ ಇದಕ್ಕೆ ಹೆದರಬೇಕಾಗಿಲ್ಲ. ಹೆಚ್ಚಿನ ಎಸಿ ರಿಮೋಟುಗಳು ಬರೀ ‘ಪವರ್’ ಅಂತ ಹೇಳುವುದಿಲ್ಲ. ಒಂದು ಬಟನ್ ಒತ್ತಿದರೂ ‘ಆನ್, ಕೂಲ್, 25 ಡಿಗ್ರಿ, ಫ್ಯಾನ್ ಮಧ್ಯಮ, ಸ್ವಿಂಗ್ ಬೇಡ’ ಅಂತ ಇಡೀ ಪಟ್ಟಿಯನ್ನೇ ಕಳಿಸುತ್ತವೆ. ಆನ್ ಆಗಿರುವ ಎಸಿಗೆ ಮತ್ತೆ ಆನ್ ಪಟ್ಟಿ ಹೋದರೆ ಅದು ಆನ್ ಆಗಿಯೇ ಇರುತ್ತದೆ. ಹಾಗಾಗಿ ಹೊರಡುವಾಗ ಒಂದು ಸಲ, ಬಾಣೇರ್ ದಾಟುವಾಗ ಇನ್ನೊಂದು ಸಲ ಒತ್ತಿದರೆ ನಷ್ಟವಿಲ್ಲ. ಟಿವಿ ಕಥೆ ಬೇರೆ. ಅಲ್ಲಿ ಆನ್‌ಗೂ ಆಫ್‌ಗೂ ಒಂದೇ ಬಟನ್, ಎರಡು ಸಲ ಕಳಿಸಿದರೆ ಹಾಕಿದ್ದನ್ನು ಆರಿಸಿದಂತೆ.

ಇಷ್ಟಾದ ಮೇಲೂ ಖಚಿತ ಬೇಕು ಅಂದರೆ ಹಬ್‌ಗೆ ಒಂದು ಸಾಕ್ಷಿ ಬೇಕು. ಸೆಕೆ ಎಷ್ಟಿದೆ ಅಂತ ಹೇಳುವ ಟೆಂಪರೇಚರ್ ಸೆನ್ಸರ್ ಕೋಣೆಯಲ್ಲಿದ್ದರೆ ಹತ್ತು ಹದಿನೈದು ನಿಮಿಷದಲ್ಲಿ ಅಂಕಿ ಇಳಿಯುವುದು ಫೋನಿನಲ್ಲೇ ಕಾಣುತ್ತದೆ. ಕೆಲವು ಹಬ್‌ಗಳಲ್ಲಿ ಅದು ವಯರಿನಲ್ಲೇ ಬರುತ್ತದೆ, ಸ್ವಿಚ್‌ಬಾಟ್ ಹಬ್ 2 ಹಾಗೆ. ಇನ್ನೂ ಗಟ್ಟಿ ಸಾಕ್ಷಿ ಅಂದರೆ ಕರೆಂಟ್ ಅಳೆಯುವ 16 ಆಂಪಿಯರ್ ಸ್ಮಾರ್ಟ್ ಪ್ಲಗ್. ಸಾವಿರದ ಲೆಕ್ಕದಲ್ಲಿ ವಾಟ್ ತೋರಿಸಿದರೆ ಕಂಪ್ರೆಸರ್ ಓಡುತ್ತಿದೆ ಅಂತ. ಆದರೆ ಆ ಪ್ಲಗ್ ಅಳೆಯಲಿಕ್ಕೆ ಮಾತ್ರ. ಓಡುತ್ತಿರುವ ಎಸಿಯ ಕರೆಂಟನ್ನೇ ಅದರಿಂದ ಕತ್ತರಿಸುವ ಚಾಳಿ ಬೇಡ, ರಿಮೋಟ್ ಮಾತಿನಲ್ಲೇ ಆಫ್ ಮಾಡಿ.

ಹೆಂಡತಿಯವರ ಕೈಯಿಂದ ರಿಮೋಟ್ ಕಸಿದುಕೊಳ್ಳುವ ಯೋಚನೆ ಇದ್ದರೆ ಅದನ್ನೂ ಬಿಡಿ.

ಪ್ರಶ್ನೆ: ನಮ್ಮ ಎಸಿ ಮಾಡೆಲ್ ಆ್ಯಪ್‌ನ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ‘ಲರ್ನ್’ ಒತ್ತಿ ಹಳೇ ರಿಮೋಟಿನ ಒಂದೊಂದೇ ಬಟನ್ ಕಲಿಸಿದೆ. ಈಗ ಪ್ಲಸ್ ಎಷ್ಟು ಸಲ ಒತ್ತಿದರೂ 25ಕ್ಕೇ ನಿಲ್ಲುತ್ತದೆ, 26 ಆಗುವುದೇ ಇಲ್ಲ. ಮೈನಸ್ ಒತ್ತಿದರೆ ಒಂದೇ ಸಲಕ್ಕೆ 23. (ಪಿಂಪ್ರಿ)

ಉತ್ತರ: ಮೇಲಿನ ಉತ್ತರದಲ್ಲೇ ನಿಮ್ಮ ಉತ್ತರವೂ ಇದೆ. ಕಲಿಸುವಾಗ ರಿಮೋಟಿನ ಪರದೆಯಲ್ಲಿ 24 ಇತ್ತು. ನೀವು ಪ್ಲಸ್ ಒತ್ತಿದಿರಿ, ಅದು ‘ಒಂದು ಏರಿಸು’ ಅಂತ ಹೇಳಲಿಲ್ಲ, ‘25 ಮಾಡು’ ಅಂತ ಇಡೀ ಪಟ್ಟಿ ಕಳಿಸಿತು. ಹಬ್ ಅದನ್ನೇ ಬಾಯಿಪಾಠ ಮಾಡಿತು. ಆಮೇಲೆ ಮತ್ತೆ 24ಕ್ಕೆ ತಂದು ಮೈನಸ್ ಕಲಿಸಿದಿರಿ, ಅದು 23 ಆಯಿತು.

ಹಾಗಾಗಿ ಎಸಿಗೆ ಪ್ಲಸ್ ಮೈನಸ್ ಕಲಿಸಲೇಬೇಡಿ. ನಿಮಗೆ ಬೇಕಾದ ಸ್ಥಿತಿಗಳನ್ನು ಕಲಿಸಿ. ರಿಮೋಟಿನಲ್ಲಿ ಮೊದಲು ಕೂಲ್, 27, ಫ್ಯಾನ್ ಕಡಿಮೆ ಅಂತ ಜೋಡಿಸಿಕೊಂಡು, ಕೊನೆಯ ಬಟನನ್ನು ಮಾತ್ರ ಹಬ್‌ನ ಎದುರು ಒತ್ತಿ. ಅದಕ್ಕೆ ‘ರಾತ್ರಿ’ ಅಂತ ಹೆಸರಿಡಿ. ಹಾಗೇ ‘ಮಧ್ಯಾಹ್ನ’, ‘ನೆಂಟರು ಬಂದಾಗ’, ‘ಆಫ್’. ನಾಲ್ಕೈದು ಸಾಕು. ಯಾರ ಮನೆಯಲ್ಲೂ ಹದಿನಾಲ್ಕು ಥರದ ತಂಪು ಬೇಕಾಗುವುದಿಲ್ಲ. ಕಲಿಸುವಾಗ ಬಿಸಿಲು ನೇರ ಬೀಳದ ಕಡೆ, ರಿಮೋಟನ್ನು ಹಬ್‌ಗೆ ನಾಲ್ಕು ಬೆರಳಷ್ಟು ಹತ್ತಿರ ಹಿಡಿಯಿರಿ. ಸೆಲ್ ಹಳತಾಗಿದ್ದರೆ ಬದಲಿಸಿಯೇ ಶುರು ಮಾಡಿ.

ಅದಕ್ಕೂ ಮೊದಲು ಒಂದು ಪ್ರಯತ್ನ. ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇಲ್ಲದಿದ್ದರೂ ಅದೇ ಕಂಪನಿಯ ಬೇರೆ ಮಾಡೆಲ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಒಂದೇ ಕೋಡನ್ನು ಎಷ್ಟೋ ಮಾಡೆಲ್‌ಗಳಿಗೆ ಹಾಕಿರುತ್ತಾರೆ. ಅದು ಸಿಕ್ಕರೆ ಕಲಿಸುವ ರಗಳೆಯೇ ಇಲ್ಲ.

ಪ್ರಶ್ನೆ: ಅಂಧೇರಿಯಲ್ಲಿ ನಮ್ಮ ಹೋಟೆಲ್ ಇದೆ. ಎಸಿ ಹಾಲ್‌ನಲ್ಲಿ ಒಂದೇ ಕಂಪನಿಯ ನಾಲ್ಕು ಎಸಿ, ಮೂರು ಟಿವಿ. ಹುಡುಗರು ರಿಮೋಟ್ ಎಲ್ಲಿಟ್ಟರು ಅಂತ ಕೇಳುವುದೇ ಕೆಲಸ. ರಾತ್ರಿ ಶಟರ್ ಎಳೆದ ಮೇಲೂ ಒಂದು ಎಸಿ ಓಡುತ್ತಾ ಇರುತ್ತದೆ. ಗಲ್ಲೆಯಲ್ಲಿ ಕೂತೇ ಎಲ್ಲ ನೋಡಿಕೊಳ್ಳಬಹುದಾ? ಒಂದು ಹಬ್ ಸಾಕಾ?

ಉತ್ತರ: ಶಟರ್ ಎಳೆದ ಮೇಲಿನ ಎಸಿಗೆ ಒಂದು ಹಬ್ ಧಾರಾಳ ಸಾಕು. ಹಾಲ್‌ನ ನಡುವೆ, ನಾಲ್ಕೂ ಎಸಿ ಕಾಣುವ ಕಡೆ ಇಡಿ. ಒಂದೇ ಕಂಪನಿ, ಒಂದೇ ಕೋಡು ಆಗಿದ್ದರೆ ಒಂದು ಸಲ ‘ಆಫ್’ ಅಂದರೆ ನಾಲ್ಕೂ ಆಫ್. ಆ್ಯಪ್‌ನಲ್ಲಿ ಶೆಡ್ಯೂಲ್ ಹಾಕಿ, ರಾತ್ರಿ ಹನ್ನೆರಡೂವರೆಗೆ ಒಂದು, ಹತ್ತು ನಿಮಿಷ ಬಿಟ್ಟು ಇನ್ನೊಂದು. ಆಫ್ ಆದದ್ದಕ್ಕೆ ಮತ್ತೆ ಆಫ್ ಹೋದರೆ ತೊಂದರೆ ಇಲ್ಲ ಅಂತ ಆಗಲೇ ಹೇಳಿದೆ. ಎರಡನೆಯ ಸಲ ಇರುವುದು ಮೊದಲ ಸಲ ಯಾರಾದರೂ ಎದುರಿಗೆ ನಿಂತಿದ್ದರೆ ಅಂತ.

ಆದರೆ ಬಾಗಿಲ ಹತ್ತಿರದ ಎಸಿ ಮಾತ್ರ 22, ಒಳಗಿನದು 26 ಬೇಕು ಅಂದರೆ ಒಂದು ಹಬ್‌ನಿಂದ ಆಗುವುದಿಲ್ಲ. ಬೆಳಕಿಗೆ ಹೆಸರು ಗೊತ್ತಿಲ್ಲ, ನಾಲ್ವರೂ ಕೇಳಿಸಿಕೊಳ್ಳುತ್ತಾರೆ. ಒಂದೊಂದಕ್ಕೂ ಒಂದೊಂದು ಹಬ್ ಹತ್ತಿರದಲ್ಲೇ ಅಂಟಿಸಿ ಬೇರೆ ಕಡೆಗಳನ್ನು ಕಪ್ಪು ಟೇಪಿನಿಂದ ಮುಚ್ಚುವವರಿದ್ದಾರೆ. ಅಷ್ಟಿಷ್ಟು ನಡೆಯುತ್ತದೆ, ಪೂರ್ತಿ ಅಲ್ಲ. ಮುಂದಿನ ಸಲ ಎಸಿ ಬದಲಿಸುವಾಗ ವೈಫೈ ಇರುವುದನ್ನೇ ತಗೊಳ್ಳಿ, ಅದಕ್ಕೆ ಅದರದ್ದೇ ಹೆಸರಿರುತ್ತದೆ, ಆನ್ ಇದ್ದೇನಾ ಆಫ್ ಇದ್ದೇನಾ ಅಂತಲೂ ಅದೇ ಹೇಳುತ್ತದೆ.

ಟಿವಿಗಳನ್ನು ಇದಕ್ಕೆ ಸೇರಿಸಬೇಡಿ. ಮ್ಯಾಚ್ ಶುರುವಾಗುವ ಹೊತ್ತಿಗೆ ಎರಡು ಟಿವಿ ಆಗಲೇ ಹಾಕಿರುತ್ತಾರೆ, ಮೂರನೆಯದಕ್ಕಾಗಿ ನೀವು ಗಲ್ಲೆಯಿಂದ ಪವರ್ ಒತ್ತುತ್ತೀರಿ. ಅದು ಆನ್ ಆಗುತ್ತದೆ, ಆ ಎರಡೂ ಆಫ್. ತುಂಬಿದ ಹಾಲ್‌ನಲ್ಲಿ ಆಮೇಲೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಎರಡು ಎಚ್ಚರಿಕೆ. ಗಿರಾಕಿಗಳಿಗೆ ಕೊಡುವ ವೈಫೈ ಬೇರೆ, ಹಬ್ ಇರುವ ವೈಫೈ ಬೇರೆ ಇರಲಿ. ರೂಟರಿನಲ್ಲೇ ಗೆಸ್ಟ್ ನೆಟ್‌ವರ್ಕ್ ಅಂತ ಇರುತ್ತದೆ, ಗಿರಾಕಿಗಳಿಗೆ ಅದನ್ನು ಕೊಡಿ. ಇನ್ನೊಂದು, ಅಡಿಗೆಮನೆ ಕಡೆಯ ಎಣ್ಣೆ ಜಿಡ್ಡು. ಹಬ್‌ನ ಮೇಲೂ ಎಸಿಯ ಕಣ್ಣಿನ ಮೇಲೂ ಅದು ಪದರ ಕಟ್ಟುತ್ತದೆ, ಆಗಾಗ ಒಣ ಬಟ್ಟೆಯಿಂದ ಒರೆಸಿಸಿ. ಡೀಪ್ ಫ್ರೀಜರ್, ನೀರಿನ ಪಂಪು ಇತ್ಯಾದಿಗಳನ್ನು ಈ ಆಟದಿಂದ ದೂರ ಇಡಿ.

ಪ್ರಶ್ನೆ: ಸರ್, ನಾವು ಬಾಗಲಕೋಟೆ ಕಡೆಯವರು, ಈಗ ವಾಸ್ಕೋದಲ್ಲಿದ್ದೇವೆ. ಮಳೆಗಾಲ ಬಂತಂದ್ರ ಗೋವಾದಾಗ ಕರೆಂಟಿನ ಕಥಿ ನಿಮಗ ಗೊತ್ತೇ ಅದ. ಕರೆಂಟ್ ಹೋಗಿ ಬಂದ ಮೇಲೆ ಹಬ್ ‘ಆಫ್‌ಲೈನ್’ ಅನ್ನುತ್ತದೆ. ರಾತ್ರಿ ಹತ್ತಕ್ಕೆ ಎಸಿ ಹಾಕುವ ಶೆಡ್ಯೂಲ್ ಇಟ್ಟಿದ್ದರೂ ಹಾಕುವುದಿಲ್ಲ.

ಉತ್ತರ: ಕರೆಂಟ್ ಬಂದ ಮೇಲೆ ಹಬ್ ಬೇಗ ಏಳುತ್ತದೆ, ರೂಟರ್ ನಿಧಾನ. ವೈಫೈ ಇನ್ನೂ ಬಂದಿರುವುದಿಲ್ಲ, ಹಬ್ ಹುಡುಕುತ್ತಾ ಕೂರುತ್ತದೆ. ಎರಡು ಮೂರು ನಿಮಿಷ ಬಿಟ್ಟು ತಾನೇ ಸೇರಿಕೊಳ್ಳಬೇಕು. ಸೇರದಿದ್ದರೆ ಹಬ್‌ನ ವಯರ್ ತೆಗೆದು ಹಾಕಿ. ಪದೇಪದೇ ಹೀಗಾದರೆ ರೂಟರಿಗೆ ಒಂದು ಮಿನಿ ಯುಪಿಎಸ್ ತಗೊಳ್ಳಿ, 12 ವೋಲ್ಟಿನದ್ದು, ಅಂಗೈಯಷ್ಟಿರುತ್ತದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಓದಿಕೊಳ್ಳಿ. ಹಬ್ ಸಾಮಾನ್ಯವಾಗಿ 5 ವೋಲ್ಟಿನ ಯುಎಸ್‌ಬಿ, ಕೆಲವು ಮಿನಿ ಯುಪಿಎಸ್‌ಗಳಲ್ಲಿ ಅದಕ್ಕೂ ಒಂದು ತೂತು ಇರುತ್ತದೆ.

ಶೆಡ್ಯೂಲ್ ವಿಷಯ: ಹತ್ತು ಗಂಟೆಗೆ ಕರೆಂಟ್ ಇರಲಿಲ್ಲ ಅಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಹತ್ತೂಕಾಲಿಗೆ ಕರೆಂಟ್ ಬಂದಾಗ ಹಬ್ ಹಿಂದಿನ ಬಾಕಿ ತೀರಿಸುವುದಿಲ್ಲ. ಕರೆಂಟ್ ಬಂದ ಕೂಡಲೇ ಎಸಿ ತಾನೇ ಹಾಕಿಕೊಳ್ಳಬೇಕು ಅಂದರೆ ಅದು ಹಬ್‌ನ ಕೆಲಸ ಅಲ್ಲ, ಎಸಿಯಲ್ಲೇ ಆಟೊ ರಿಸ್ಟಾರ್ಟ್ ಇರಬೇಕು. ಅದು ಇದೆಯಾ ಅಂತ ಎಸಿಯ ಪುಸ್ತಕದಲ್ಲಿ ನೋಡಿ. ವೋಲ್ಟೇಜ್ ಏರುಪೇರು ಇರುವ ಕಡೆ ನಾನಂತೂ ಅದನ್ನು ಬಂದ್ ಇಡಿ ಅಂತಲೇ ಹೇಳುತ್ತೇನೆ. ಕರೆಂಟ್ ಬಂದು ಐದು ನಿಮಿಷ ಹೋಗದೆ ಉಳಿಯಿತು ಅಂತ ಖಾತ್ರಿ ಆದ ಮೇಲೆ ಕೈಯಾರೆ ಹಾಕಿಕೊಳ್ಳಿ.

ಇನ್ನೊಂದು ಪರೀಕ್ಷೆ ಮಾಡಿ ಇಟ್ಟುಕೊಳ್ಳಿ. ಮನೆಯಲ್ಲಿ ಕರೆಂಟ್ ಇದ್ದು, ನೆಟ್ ಮಾತ್ರ ಹೋದ ದಿನ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟು ಆ್ಯಪ್‌ನಿಂದ ಎಸಿ ಹಾಕಿ ನೋಡಿ. ಹಾಕಿದರೆ ನಿಮ್ಮ ಹಬ್ ಮನೆಯೊಳಗೇ ಕೆಲಸ ಮಾಡಬಲ್ಲದು. ಹಾಕದಿದ್ದರೆ, ಹಾಲ್‌ನಿಂದ ಹಾಲ್‌ಗೆ ಹೋಗಬೇಕಾದ ಮಾತು ಎಲ್ಲೋ ದೂರದ ಸರ್ವರ್ ಸುತ್ತಿ ಬರುತ್ತಿದೆ ಅಂತ ಅರ್ಥ.

ಪ್ರಶ್ನೆ: ಕೋಥ್ರೂಡ್‌ನಲ್ಲಿ ಒಬ್ಬರು ಲಾಜಿಟೆಕ್ ಹಾರ್ಮನಿ ಹಬ್ ಸೆಕೆಂಡ್ ಹ್ಯಾಂಡ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಇದಕ್ಕಿಂತ ಒಳ್ಳೆಯದು ಬಂದೇ ಇಲ್ಲ ಅಂತ ಅವರ ವಾದ. ತಗೊಳ್ಳಲಾ?

ಉತ್ತರ: ಅವರ ವಾದದಲ್ಲಿ ಸುಳ್ಳಿಲ್ಲ. ಹಾರ್ಮನಿಗೆ ಐಆರ್ ಜೊತೆ ಬ್ಲೂಟೂತೂ ಇತ್ತು, ಹಾಗಾಗಿ ಫೈರ್ ಟಿವಿ ಥರದವನ್ನೂ ಅದು ಆಡಿಸುತ್ತಿತ್ತು. ‘ಸಿನಿಮಾ ನೋಡು’ ಅಂದರೆ ಟಿವಿ, ಸೌಂಡ್, ಇನ್‌ಪುಟ್ ಎಲ್ಲ ತಾನೇ ಜೋಡಿಸುತ್ತಿತ್ತು. ಏನೇನು ಹಾಕಿದೆ ಅಂತ ನೆನಪೂ ಇಟ್ಟುಕೊಳ್ಳುತ್ತಿತ್ತು. ಆದರೆ ಲಾಜಿಟೆಕ್ 2021ರ ಏಪ್ರಿಲ್‌ನಲ್ಲೇ ಹಾರ್ಮನಿ ತಯಾರಿಕೆ ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟಿತು. ಇರುವವರಿಗೆ ಸರ್ವಿಸ್ ಮುಂದುವರಿಸುತ್ತೇವೆ ಅಂದರು, ಆ ಮಾತು ಎಲ್ಲಿಯವರೆಗೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಈ ಹಬ್‌ಗಳ ಲೋಕದಲ್ಲಿ ಇದು ಹೊಸದಲ್ಲ. 2016ರ ಮೇ ತಿಂಗಳಲ್ಲಿ ರಿವಾಲ್ವ್ ಅನ್ನುವ ಹಬ್ ಬಂದ್ ಆಯಿತು. ನೆಸ್ಟ್ ಅದನ್ನು ಕೊಂಡು, ಆಮೇಲೆ ಸರ್ವರ್ ನಿಲ್ಲಿಸಿತು, ಜನರ ಮನೆಯಲ್ಲಿದ್ದ ಡಬ್ಬಿ ಬರೀ ಡಬ್ಬಿ ಆಯಿತು. ಲಾಜಿಟೆಕ್‌ನವರೇ ಹಾರ್ಮನಿ ಲಿಂಕ್ ಅನ್ನುವ ಹಳೇ ಮಾಡೆಲನ್ನು 2018ರ ಮಾರ್ಚ್‌ಗೆ ಬಂದ್ ಮಾಡಲು ಹೊರಟಾಗ ಗಿರಾಕಿಗಳು ಗಲಾಟೆ ಮಾಡಿದರು, ಕೊನೆಗೆ ಎಲ್ಲರಿಗೂ ಪುಕ್ಕಟೆಯಾಗಿ ಹಾರ್ಮನಿ ಹಬ್ ಕೊಡುವುದಾಗಿ ಹೇಳಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಹಬ್ ಕಂಪನಿ ಅಂತೂ ಮುನ್ಸೂಚನೆಯೇ ಇಲ್ಲದೆ ಸರ್ವರ್ ಆರಿಸಿತು.

ಹಾಗಾಗಿ ಹಬ್ ಕೊಳ್ಳುವಾಗ ನಾನು ಬೆಲೆಗಿಂತ ಮೊದಲು ಕೇಳುವುದು ಒಂದೇ: ಕಂಪನಿ ನಾಳೆ ಮುಚ್ಚಿದರೆ ಇದು ನಡೆಯುತ್ತದಾ? ನೀವು ಕಂಪ್ಯೂಟರ್ ಬಲ್ಲವರಾದರೆ ದಾರಿ ಇದೆ. ಹೋಮ್ ಅಸಿಸ್ಟೆಂಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ 2013ರಿಂದ ಇದೆ. ಹಳೇ ಲ್ಯಾಪ್‌ಟಾಪಿಗೋ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೋ ಹಾಕಿಕೊಂಡರೆ ಬ್ರಾಡ್‌ಲಿಂಕ್ ಆರ್‌ಎಂ4 ಮಿನಿ ಥರದ ಹಬ್ ಅನ್ನು ಮನೆಯ ನೆಟ್‌ವರ್ಕ್‌ನಲ್ಲೇ ಆಡಿಸಬಹುದು, ಹೊರಗಿನ ಸರ್ವರ್ ಬೇಕಾಗಿಲ್ಲ. ಬ್ರಾಡ್‌ಲಿಂಕ್ ಆ್ಯಪ್‌ನಲ್ಲಿ ‘ಲಾಕ್ ಡಿವೈಸ್’ ಅಂತ ಒಂದಿದೆ, ಅದನ್ನು ಆಫ್ ಮಾಡಿದರೆ ಮಾತ್ರ ಹೋಮ್ ಅಸಿಸ್ಟೆಂಟ್‌ಗೆ ಅದು ಸಿಗುತ್ತದೆ. ಎಷ್ಟೋ ಜನ ಇಲ್ಲೇ ಸಿಕ್ಕಿಬಿದ್ದು ತಲೆ ಕೆಡಿಸಿಕೊಳ್ಳುತ್ತಾರೆ.

ಹಾರ್ಮನಿ ಚಿಲ್ಲರೆ ಬೆಲೆಗೆ ಸಿಕ್ಕರೆ, ಹಳೇ ಮಾಲೀಕರು ತಮ್ಮ ಅಕೌಂಟ್‌ನಿಂದ ಅದನ್ನು ತೆಗೆದು ರಿಸೆಟ್ ಮಾಡಿಕೊಟ್ಟರೆ, ಖುಷಿಗೆ ತಗೊಳ್ಳಿ. ಹೊಸದರ ಬೆಲೆ ಕೇಳಿದರೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಮುಲುಂಡಿನಲ್ಲಿ ನಾವು, ಜೊತೆಗೆ ಅಮ್ಮ. ವಯಸ್ಸಾಗಿದೆ, ಕುಂದಾಪುರದವರು, ಕನ್ನಡ ಬಿಟ್ಟರೆ ಬೇರೆ ಬಾರದು. ಎಸಿ ರಿಮೋಟಿನ ಸಣ್ಣ ಅಕ್ಷರ ಕಾಣುವುದಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಸೆಕೆಯಲ್ಲೇ ಕೂತಿರುತ್ತಾರೆ. ಅಲೆಕ್ಸಾ ತಂದರೆ ಕನ್ನಡದಲ್ಲಿ ಹೇಳಬಹುದಾ?

ಉತ್ತರ: ಅಲೆಕ್ಸಾ ಜೊತೆ ಇಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಮಾತಾಡಬೇಕು. ಅಮ್ಮನಿಗೆ ಈ ವಯಸ್ಸಿನಲ್ಲಿ ಅದನ್ನು ಕಲಿಸಬೇಡಿ. ಅವರಿಗೆ ಬೇಕಾಗಿರುವುದು ಒಂದು ಬಟನ್.

ಗೋಡೆಗೆ ಅಂಟಿಸುವ ಸೀನ್ ಬಟನ್ ಅಂತ ಸಿಗುತ್ತದೆ, ಒಳಗೆ ಸಣ್ಣ ಸೆಲ್, ವಯರಿಂಗ್ ಏನೂ ಬೇಡ. ಒಂದು ಬಟನಿನದ್ದೂ ಇದೆ, ನಾಲ್ಕರದ್ದೂ ಇದೆ. ಹೆಚ್ಚಿನವು ಜಿಗ್‌ಬೀ ಅನ್ನುವ, ಕಡಿಮೆ ಕರೆಂಟ್ ತಿನ್ನುವ ರೇಡಿಯೊ ಮೇಲೆ ಓಡುತ್ತವೆ, ಹಾಗಾಗಿ ಐಆರ್ ಮತ್ತು ಜಿಗ್‌ಬೀ ಎರಡೂ ಇರುವ ಹಬ್ ತಗೊಂಡರೆ ಎರಡು ಡಬ್ಬಿ ಬೇಕಾಗುವುದಿಲ್ಲ. ಒಂದು ಒತ್ತಿಗೆ ಎಸಿ 26, ಫ್ಯಾನು ಎರಡನೇ ಸ್ಪೀಡು. ಇನ್ನೊಂದಕ್ಕೆ ಎರಡೂ ಆಫ್. ಬಟನ್ ಪಕ್ಕ ಬಿಳಿ ಕಾಗದದ ಮೇಲೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ‘ತಂಪು’, ‘ಸಾಕು’ ಅಂತ ಬರೆದು ಅಂಟಿಸಿ. ಅವರು ಕೂರುವ ಕುರ್ಚಿಯ ಕೈಗೆ ಎಟುಕುವ ಎತ್ತರದಲ್ಲಿರಲಿ, ಸ್ವಿಚ್‌ಬೋರ್ಡ್ ಎತ್ತರದಲ್ಲಿ ಬೇಡ.

ಹಳೇ ರಿಮೋಟ್ ಅಲ್ಲೇ ಇರಲಿ. ನೆಟ್ ಇಲ್ಲದ ದಿನ ಪಕ್ಕದ ಮನೆಯವರು ಬಂದು ಹಾಕಿಕೊಡುತ್ತಾರೆ. ನಿಮ್ಮ ಫೋನಿನಿಂದ ನೀವೂ ಹಾಕಬಹುದು, ಆದರೆ ಅಮ್ಮನಿಗೆ ಒಂದು ಫೋನ್ ಮಾಡಿ ಕೇಳಿ ಹಾಕಿ. ತಾನಾಗಿ ತಾನೇ ಎಸಿ ಹೊತ್ತಿಕೊಂಡರೆ ವಯಸ್ಸಾದವರಿಗೆ ಗಾಬರಿ ಆಗುತ್ತದೆ.

ಪ್ರಶ್ನೆ: ಹೊಸ ಹಬ್ ವೈಫೈಗೆ ಸೇರುತ್ತಲೇ ಇಲ್ಲ. ಪಾಸ್‌ವರ್ಡ್ ಸರಿ ಇದೆ. (ಚಿಂಚ್‌ವಡ್, ಮಡಗಾಂವ್ ಮತ್ತು ಇನ್ನೂ ಹಲವರು)

ಉತ್ತರ: ಈ ಹಬ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬಲ್ಲವು. ಈಗಿನ ರೂಟರುಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತವೆ, ಫೋನು 5ರಲ್ಲಿ ಕೂತಿರುತ್ತದೆ, ಹಬ್‌ಗೆ ಅದು ಕಾಣುವುದೇ ಇಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಹೆಸರಿಟ್ಟು, ಫೋನನ್ನೂ 2.4ಕ್ಕೆ ಸೇರಿಸಿ, ಆಮೇಲೆ ಜೋಡಿಸಿ. ಸೆಕ್ಯುರಿಟಿ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೆ ಡಬ್ಲ್ಯುಪಿಎ2 ಮಾಡಿ. ಫೋನಿನ ಲೊಕೇಶನ್ ಆನ್ ಇರಲಿ. ನೂರಕ್ಕೆ ತೊಂಬತ್ತು ಜನರದ್ದು ಇಷ್ಟರಲ್ಲೇ ಸರಿ ಹೋಗುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಪ್ರಶ್ನೆ: ಹಬ್ ಹಾಕಿದರೆ ಕರೆಂಟ್ ಬಿಲ್ ಕಡಿಮೆ ಆಗುತ್ತದೆ ಅಂತ ಜಾಹೀರಾತು. ಆಗುತ್ತದಾ? (ಠಾಣೆ)

ಉತ್ತರ: ಹಬ್ ಬಿಲ್ ಇಳಿಸುವುದಿಲ್ಲ, ಮರೆತ ಎಸಿಯನ್ನು ಆಫ್ ಮಾಡಿದರೆ ಇಳಿಯುತ್ತದೆ. ಮರೆಯುವ ಮನೆಯಾದರೆ ಉಪಯೋಗ, ಇಲ್ಲವಾದರೆ ಸುಮ್ನೆ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳೆಲ್ಲ 24ಕ್ಕೇ ಶುರುವಾಗಬೇಕು ಅಂತ ನಿಯಮ ಬಂದದ್ದೂ ಇದಕ್ಕೇ. ಅಷ್ಟನ್ನು ಕೈ ರಿಮೋಟಿನಲ್ಲೂ ಮಾಡಬಹುದು. ಹಬ್ ತಾನು ತಿನ್ನುವುದು ತೀರಾ ಕಡಿಮೆ, ಒಂದು ವಾಟ್ ಅಂತ ಹಿಡಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ ಆಗುವುದಿಲ್ಲ.

ಬಿಲ್ಲೇ ಮುಖ್ಯವಾದರೆ ಆ ದುಡ್ಡನ್ನು ಫ್ಯಾನಿಗೆ ಹಾಕಿ. ಹಳೇ ಫ್ಯಾನು 70-75 ವಾಟ್ ತಿಂದರೆ ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟಿನ ಮೋಟಾರಿನ ಫ್ಯಾನು ಸುಮಾರು 30 ವಾಟ್. ಮುಂಬಯಿಯಲ್ಲಿ ಫ್ಯಾನು ವರ್ಷದಲ್ಲಿ ಎಷ್ಟು ದಿನ ನಿಲ್ಲುತ್ತದೆ ಹೇಳಿ?

ಪ್ರಶ್ನೆ: ಪರದೆ ಎಳೆಯುವ ಮೋಟಾರಿಗೆ ಮತ್ತು ನಮ್ಮ ಸೊಸೈಟಿಯ ಪಾರ್ಕಿಂಗ್ ಗೇಟಿಗೆ ರಿಮೋಟ್ ಇದೆ. ಅವನ್ನೂ ಹಬ್‌ಗೆ ಕಲಿಸಬಹುದಾ? (ಪಣಜಿ)

ಉತ್ತರ: ಇವು ಸಾಮಾನ್ಯವಾಗಿ ರೇಡಿಯೊ ರಿಮೋಟುಗಳು, 433 ಮೆಗಾಹರ್ಟ್ಸ್ ಆಸುಪಾಸು. ಐಆರ್ ಹಬ್‌ನಿಂದ ಆಗುವುದಿಲ್ಲ. ಬ್ರಾಡ್‌ಲಿಂಕ್ ಆರ್‌ಎಂ4 ಪ್ರೊ ಥರ ಆರ್‌ಎಫ್ ಕೂಡ ಇರುವುದು ಬೇಕು. ಅದೂ ರಿಮೋಟ್ ಪ್ರತಿ ಸಲ ಒಂದೇ ಕೋಡ್ ಕಳಿಸುವುದಾದರೆ ಮಾತ್ರ. ಪರದೆಯ ಅಗ್ಗದ ಮೋಟಾರುಗಳಲ್ಲಿ ಎಷ್ಟೋ ಹಾಗೇ ಇರುತ್ತವೆ, ಕಲಿಸಿ ನೋಡಿ. ಗೇಟಿನದ್ದು ಒಳ್ಳೆಯದಾದರೆ ಒತ್ತಿದಾಗಲೆಲ್ಲ ಕೋಡ್ ಬದಲಾಗುತ್ತದೆ, ನಕಲು ಮಾಡಿದ್ದು ಎರಡನೇ ಸಲ ನಡೆಯುವುದಿಲ್ಲ. ಬದಲಾಗದೆ ಸುಲಭವಾಗಿ ಕಲಿತುಬಿಟ್ಟಿತು ಅಂದರೆ ಖುಷಿಪಡಬೇಡಿ, ಹಾದಿಯಲ್ಲಿ ಹೋಗುವವನೂ ಅದನ್ನು ಕಲಿಯಬಹುದು. ಸೊಸೈಟಿ ಸೆಕ್ರೆಟರಿಗೆ ಹೇಳಿ ಗೇಟಿನ ರಿಸೀವರ್ ಬದಲಿಸಲು ಹೇಳಿ.